ಉದ್ದವಾದ ಕಣ್ಣು, ಜಗ್ಗಿದ ನರದ ಬುಡ

ಸಮೀಪದೃಷ್ಟಿ ಎಂದರೆ ಹತ್ತಿರದ್ದು ಸರಿಯಾಗಿ ಕಂಡು ದೂರದ್ದು ಮಸುಕಾಗುವ ತೊಂದರೆ, ತಕ್ಕ ಕನ್ನಡಕ ಹಾಕಿಕೊಂಡರೆ ಅದು ಪರಿಹಾರವಾಗುತ್ತದೆ ಎಂಬುದು ಹೈಸ್ಕೂಲಿನ ವಿಜ್ಞಾನ ಪುಸ್ತಕದಿಂದ ಎಲ್ಲರೂ ಕಲಿತು ಬಂದಿರುವ ವಿಷಯ. ಮೈನಸ್ ಒಂದೋ ಎರಡೋ ಪವರ್ ಇರುವ ಬಹುಪಾಲು ಜನರಿಗೆ ಅಷ್ಟು ತಿಳಿವಳಿಕೆ ಸಾಕಾಗುತ್ತದೆ ಕೂಡ. ಪವರ್ ಮೈನಸ್ ಆರನ್ನು ದಾಟಿ ಎಂಟು, ಹನ್ನೆರಡು, ಹದಿನೆಂಟು ಎಂದು ಏರಿದವರ ಸಂಗತಿ ಬೇರೆ. ಅವರ ಕಣ್ಣುಗುಡ್ಡೆಯೇ ಹಿಂದಕ್ಕೆ ಉದ್ದವಾಗಿ ಬೆಳೆದಿರುತ್ತದೆ, ಹಾಗೆ ಬೆಳೆದದ್ದರಿಂದ ಅದರ ಹಿಂಗೋಡೆ ಎಳೆದುಕೊಂಡು ತೆಳುವಾಗಿರುತ್ತದೆ. ಸೋಡಾಬುಡ್ಡಿ ಎಂದು ಊರವರು ಕರೆಯುವ ದಪ್ಪ ಗಾಜು ಬೆಳಕನ್ನು ಬೀಳಬೇಕಾದ ಜಾಗಕ್ಕೆ ಬೀಳಿಸಬಲ್ಲದು, ಹಿಂಗೋಡೆಯ ಈ ಎಳೆತವನ್ನು ತಗ್ಗಿಸಲಾರದು. ಎಳೆತದ ಪೆಟ್ಟು ಬೀಳುವ ಜಾಗಗಳಲ್ಲಿ ಎರಡು ಮುಖ್ಯ: ಓದುವುದಕ್ಕೆ, ಮುಖ ಗುರುತಿಸುವುದಕ್ಕೆ ಬೇಕಾದ ಮ್ಯಾಕ್ಯುಲಾ ಎಂಬ ನಡುಭಾಗ ಒಂದು, ಕಣ್ಣಿನಿಂದ ಮಿದುಳಿಗೆ ಹೊರಡುವ ದೃಷ್ಟಿನರದ ಬುಡ ಇನ್ನೊಂದು. ಮೊದಲನೆಯದು ಕೆಟ್ಟರೆ ಅಕ್ಷರ ಸೊಟ್ಟಗೆ ಕಂಡು ಬೇಗ ಗೊತ್ತಾಗುತ್ತದೆ. ಎರಡನೆಯದು ಕೆಟ್ಟರೆ ವರ್ಷಗಟ್ಟಲೆ ಗೊತ್ತಾಗದೆ ಹೋಗಬಹುದು. ಆದ್ದರಿಂದಲೇ ನರದ ಬುಡವನ್ನು ಪದರ ಪದರವಾಗಿ ಚಿತ್ರದಲ್ಲಿ ಹಿಡಿಯುವ ವಿದ್ಯೆ ಕಳೆದ ಮೂರು ದಶಕಗಳಲ್ಲಿ ನೇತ್ರವೈದ್ಯಕ್ಕೆ ಇಷ್ಟು ಮುಖ್ಯವಾಗಿದೆ.

ಹುಟ್ಟಿದಾಗ ಮಗುವಿನ ಕಣ್ಣು ಸುಮಾರು 17 ಮಿಲಿಮೀಟರ್ ಉದ್ದವಿದ್ದು, ಬೆಳೆದವರಲ್ಲಿ ಅದು 23-24 ಮಿಲಿಮೀಟರಿಗೆ ಬಂದು ನಿಲ್ಲುತ್ತದೆ. ಅಲ್ಲಿಗೆ ನಿಲ್ಲದೆ ಬೆಳೆಯುತ್ತ ಹೋದರೆ, ಹೆಚ್ಚಾಗುವ ಪ್ರತಿ ಮಿಲಿಮೀಟರಿಗೆ ಎರಡೂವರೆಯಿಂದ ಮೂರು ಡಯಾಪ್ಟರ್‌ನಷ್ಟು, ಅಂದರೆ ಕನ್ನಡಕದ ಚೀಟಿಯಲ್ಲಿ ಪವರ್ ಎಂದು ಬರೆಯುವ ಅಂಕಿಯಲ್ಲಿ ಅಷ್ಟು, ಸಮೀಪದೃಷ್ಟಿ ಏರುತ್ತದೆ. 26 ಮಿಲಿಮೀಟರ್ ದಾಟಿದ ಕಣ್ಣನ್ನು ವೈದ್ಯರು ಸಾಮಾನ್ಯವಾಗಿ ತೀವ್ರ ಸಮೀಪದೃಷ್ಟಿಯ ಗುಂಪಿಗೆ ಸೇರಿಸುತ್ತಾರೆ; 30 ಮಿಲಿಮೀಟರ್ ದಾಟಿದ ಕಣ್ಣುಗಳೂ ದೊಡ್ಡ ಆಸ್ಪತ್ರೆಗಳಿಗೆ ಬರುತ್ತಿರುತ್ತವೆ. ಇದು ಪಟ್ಟಣದಲ್ಲಿ ಕುಳಿತು ಓದುವವರ ಕಾಯಿಲೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಹೊರಗೆ ಬಿಸಿಲಿನಲ್ಲಿ ಆಡುವುದು ಕಡಿಮೆಯಾಗಿ, ಹತ್ತಿರದಿಂದ ನೋಡುವ ಕೆಲಸ ಹೆಚ್ಚಾದಷ್ಟೂ ಮಕ್ಕಳಲ್ಲಿ ಸಮೀಪದೃಷ್ಟಿ ಹೆಚ್ಚುತ್ತದೆ ಎಂಬುದು ನಿಜವಾದರೂ, ತೀರ ಹೆಚ್ಚಿನ ಪವರ್ ಬರುವುದರಲ್ಲಿ ವಂಶದ ಪಾಲು ದೊಡ್ಡದು. ಆದ್ದರಿಂದ ಭತ್ತದ ಗದ್ದೆ, ಅಡಿಕೆ ತೋಟಗಳ ನಡುವಿನ ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರಿನಂಥ ಊರಿನಲ್ಲೂ, ಅಕ್ಷರ ಕಲಿಯದ ಅಜ್ಜಿಗೂ ಇಂಥ ಕಣ್ಣು ಇರಬಹುದು, ಮತ್ತು ಬಾಲ್ಯದಲ್ಲಿ ಕನ್ನಡಕವನ್ನೇ ಕಾಣದ ಅವರಿಗೆ ತಮ್ಮ ದೃಷ್ಟಿ ಮೊದಲಿನಿಂದಲೂ ಮಂದ ಎಂಬುದಷ್ಟೇ ಗೊತ್ತಿರಬಹುದು.

ನರದ ಬುಡದಲ್ಲಿ ಏನಾಗುತ್ತದೆ ಎಂದು ತಿಳಿಯಲು ಆ ಜಾಗದ ಕಟ್ಟೋಣವನ್ನು ಸ್ವಲ್ಪ ನೋಡಬೇಕು. ಬೆಳಕನ್ನು ಗ್ರಹಿಸುವ ಅಕ್ಷಿಪಟಲದ ಮೂಲೆಮೂಲೆಗಳಿಂದ ಹೊರಟ ಹತ್ತು ಲಕ್ಷಕ್ಕೂ ಹೆಚ್ಚು ನರತಂತುಗಳು ಒಂದು ಪುಟ್ಟ ದುಂಡು ಜಾಗಕ್ಕೆ ಬಂದು ಕೂಡಿ, ಅಲ್ಲಿ ಹಿಂದಕ್ಕೆ ತಿರುಗಿ, ಗೋಡೆಯನ್ನು ತೂರಿ ಹೊರಗೆ ಹೋಗುತ್ತವೆ. ಎರಡು ಮಿಲಿಮೀಟರಿಗಿಂತ ಚಿಕ್ಕದಾದ ಆ ದುಂಡು ಜಾಗವನ್ನು ವೈದ್ಯರು ಡಿಸ್ಕ್ ಎನ್ನುತ್ತಾರೆ, ಕನ್ನಡದಲ್ಲಿ ಅದನ್ನು ನರಬಿಲ್ಲೆ ಎನ್ನಬಹುದು. ತಂತುಗಳು ತೂರುವ ಗೋಡೆಯಲ್ಲಿ ಒಳಗಿನಿಂದ ಹೊರಕ್ಕೆ ಮೂರು ಮುಖ್ಯ ಪದರಗಳಿವೆ: ಅಕ್ಷಿಪಟಲಕ್ಕೆ ತಳಹಾಸಾಗಿರುವ, ತೀರ ತೆಳ್ಳಗಿನ ಬ್ರುಕ್ ಪೊರೆ, ರಕ್ತನಾಳಗಳಿಂದ ತುಂಬಿ ಆಹಾರ ಒದಗಿಸುವ ಕೋರಾಯ್ಡ್, ಹೊರಗಿನ ಗಟ್ಟಿ ಬಿಳಿ ಹೊದಿಕೆಯಾದ ಸ್ಕ್ಲೀರಾ. ಸ್ಕ್ಲೀರಾದ ಬಾಯಿಯಲ್ಲಿ ರಂಧ್ರ ರಂಧ್ರಗಳ ಜರಡಿಪದರವೊಂದಿದ್ದು, ನರತಂತುಗಳ ಕಂತೆಗಳು ಅದರ ಕಣ್ಣುಗಳೊಳಗಿಂದ ಹಾದುಹೋಗುತ್ತವೆ. ಮುಂದಿನಿಂದ ಕಣ್ಣಿನೊಳಗಿನ ದ್ರವದ ಒತ್ತಡ, ಹಿಂದಿನಿಂದ ಮಿದುಳಿನ ಸುತ್ತಲಿನ ದ್ರವದ ಒತ್ತಡ, ಈ ಎರಡರ ನಡುವೆ ನಿಂತಿರುವುದು ಈ ತೆಳುವಾದ ಜರಡಿ. ಗ್ಲಾಕೋಮಾ ಎಂಬ ಕಾಯಿಲೆಯಲ್ಲಿ ನರತಂತುಗಳಿಗೆ ಮೊದಲ ಪೆಟ್ಟು ಬೀಳುವುದು ಇಲ್ಲಿಯೇ ಎಂದು ಭಾವಿಸಲಾಗಿದೆ.

ಸಾಧಾರಣ ಕಣ್ಣಿನಲ್ಲಿ ಮೂರೂ ಪದರಗಳ ಬಾಯಿಗಳು ಒಂದರ ಮೇಲೊಂದು ಸರಿಯಾಗಿ ಕೂತಿರುತ್ತವೆ. ಮೂರು ಪದರದ ಬಟ್ಟೆಗೆ ದರ್ಜಿ ಒಂದೇ ಕಾಜ ಹೊಲಿದಿದ್ದಾನೆ, ಆಮೇಲೆ ಒಳಪದರವನ್ನು ಮಾತ್ರ ಯಾರೋ ಒಂದು ಪಕ್ಕಕ್ಕೆ ಜಗ್ಗಿದ್ದಾರೆ ಎಂದುಕೊಂಡರೆ ಉದ್ದವಾದ ಕಣ್ಣಿನ ಸ್ಥಿತಿ ತಿಳಿಯುತ್ತದೆ. ಕಣ್ಣು ಹಿಂದಕ್ಕೆ ಬೆಳೆದಂತೆ ಬ್ರುಕ್ ಪೊರೆಯ ಬಾಯಿ ಮ್ಯಾಕ್ಯುಲಾದ ಕಡೆಗೆ, ಅಂದರೆ ಕಿವಿಯ ಪಕ್ಕಕ್ಕೆ ಸರಿಯುತ್ತದೆ. ಮೂಗಿನ ಪಕ್ಕದಲ್ಲಿ ಪೊರೆಯ ಅಂಚು ನರದ ಮೇಲೆ ಚಾಚಿಕೊಳ್ಳುತ್ತದೆ. ಕಿವಿಯ ಪಕ್ಕದಲ್ಲಿ ಪೊರೆಯೇ ಇಲ್ಲದ ಜಾಗವೊಂದು ಬಯಲಾಗಿ, ವೈದ್ಯರು ಕಣ್ಣಿನೊಳಗೆ ಬೆಳಕು ಹಾಯಿಸಿ ನೋಡಿದಾಗ ನರಬಿಲ್ಲೆಯ ಪಕ್ಕ ಬಿಳಿಯ ಅರ್ಧಚಂದ್ರವಾಗಿ ಕಾಣುತ್ತದೆ. ದುಂಡಗಿರಬೇಕಾದ ಬಿಲ್ಲೆ ಓರೆಯಾಗಿ ನಿಂತು ಮೊಟ್ಟೆಯಾಕಾರದಲ್ಲಿ ಕಾಣುವುದು, ಕೆಲವರಲ್ಲಿ ತನ್ನ ಅಕ್ಷದ ಸುತ್ತ ತಿರುಚಿದಂತಿರುವುದು, ಕಣ್ಣು ತೀರ ಉದ್ದವಾದವರಲ್ಲಿ ಬಿಲ್ಲೆಯೇ ಹಿಗ್ಗಿ ದೊಡ್ಡದಾಗುವುದು ಇವೆಲ್ಲ ಅದೇ ಎಳೆತದ ಬೇರೆ ಬೇರೆ ರೂಪಗಳು.

ಆ ಬಿಳಿ ಚಂದ್ರವನ್ನು ಬಹುಕಾಲ ಒಂದೇ ಬಗೆಯ ಸವಕಳಿ ಎಂದು ಓದಲಾಗುತ್ತಿತ್ತು. ಜರ್ಮನಿಯ ನೇತ್ರತಜ್ಞ ಯೋಸ್ಟ್ ಯೊನಾಸ್ ಮತ್ತು ಸಂಗಡಿಗರು ಅಂಥ ಕಣ್ಣುಗಳ ತೆಳು ಸೀಳುಗಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ, 2012ರಲ್ಲಿ ಅದರೊಳಗೆ ಬೇರೆ ಬೇರೆ ವಲಯಗಳಿವೆ ಎಂದು ತೋರಿಸಿದರು. ಬ್ರುಕ್ ಪೊರೆ ಉಳಿದುಕೊಂಡು ಅದರ ಮೇಲಿನ ಬಣ್ಣದ ಕೋಶಗಳು ಮಾತ್ರ ನಶಿಸಿದ ಜಾಗ ಬೀಟಾ ವಲಯ. ಪೊರೆಯೇ ಇಲ್ಲದ ಜಾಗ ಗಾಮಾ ವಲಯ. ಅದರೊಳಗೂ ಬಿಲ್ಲೆಯ ಅಂಚಿಗೆ ತಾಗಿ ಸ್ಕ್ಲೀರಾ ತೀರ ತೆಳುವಾಗಿ ಉದ್ದಕ್ಕೆ ಎಳೆದುಕೊಂಡಿರುವ ಭಾಗ ಡೆಲ್ಟಾ ವಲಯ. ಹೆಸರುಗಳು ಒಣ ಅಕ್ಷರಗಳಂತೆ ಕಂಡರೂ ಈ ವಿಂಗಡಣೆಯ ಬೆಲೆ ದೊಡ್ಡದು, ಏಕೆಂದರೆ ಬೀಟಾ ವಲಯಕ್ಕೆ ಗ್ಲಾಕೋಮಾದ ಜೊತೆ ನಂಟಿದೆ, ಗಾಮಾ ವಲಯಕ್ಕೆ ಇರುವ ನಂಟು ಮುಖ್ಯವಾಗಿ ಕಣ್ಣಿನ ಉದ್ದದ ಜೊತೆ. ಬೆಳಕು ಹಾಯಿಸಿ ನೋಡುವಾಗ ಎರಡೂ ಒಂದೇ ಬಿಳಿ ಚಂದ್ರ. ಒಂದರಲ್ಲಿ ಚಿಕಿತ್ಸೆ ಬೇಡುವ ಕಾಯಿಲೆಯ ಸುಳಿವಿದೆ, ಇನ್ನೊಂದರಲ್ಲಿ ಬೆಳವಣಿಗೆಯ ಗುರುತಷ್ಟೇ ಇದೆ.

ಈ ಜಾಗವನ್ನು ನೋಡುವ ಪ್ರಯತ್ನಗಳ ಚರಿತ್ರೆ ಹಳೆಯದು. ಕಣ್ಣಿನ ಹಿಂಗೋಡೆ ಉಬ್ಬಿ ಚೀಲದಂತೆ ಹೊರಚಾಚುವುದನ್ನು ಇಟಲಿಯ ಆಂಟೋನಿಯೊ ಸ್ಕಾರ್ಪಾ 1801ರಲ್ಲೇ ವರ್ಣಿಸಿದ್ದನಾದರೂ ಅವನು ಕಂಡದ್ದು ಸತ್ತವರ ಕಣ್ಣುಗಳಲ್ಲಿ. ಬದುಕಿರುವವರ ಕಣ್ಣಿನ ತಳವನ್ನು ನೋಡುವ ಸಾಧನ 1851ರಲ್ಲಿ ಹೆಲ್ಮ್‌ಹೋಲ್ಟ್ಸ್‌ನಿಂದ ಬಂತು. ಆ ಬಳಿಕ ನೂರಕ್ಕೂ ಹೆಚ್ಚು ವರ್ಷ, ಫೋಟೊ ಕ್ಯಾಮೆರಾ ಬಂದ ಮೇಲೂ, ವೈದ್ಯರಿಗೆ ಸಿಗುತ್ತಿದ್ದದ್ದು ಮೇಲ್ಮೈಯ ನೋಟ ಮಾತ್ರ. 1991ರಲ್ಲಿ ಅಮೆರಿಕದ ಮೆಸಾಚುಸೆಟ್ಸ್‌ನಲ್ಲಿ ಡೇವಿಡ್ ಹುವಾಂಗ್, ಜೇಮ್ಸ್ ಫ್ಯೂಜಿಮೊಟೊ ಮತ್ತು ಸಂಗಡಿಗರು ಪ್ರಕಟಿಸಿದ ಓಸಿಟಿ ವಿಧಾನ ಮೊದಲ ಬಾರಿಗೆ ಅಕ್ಷಿಪಟಲವನ್ನು ಮುಟ್ಟದೆ, ಕೊಯ್ಯದೆ, ಅದರ ಅಡ್ಡಸೀಳಿನ ಚಿತ್ರವನ್ನು ಕೊಟ್ಟಿತು. ಅತಿಕೆಂಪು ಬೆಳಕಿನ ಕಿರಣವನ್ನು ಎರಡಾಗಿ ಒಡೆದು, ಒಂದನ್ನು ಕಣ್ಣಿನೊಳಗೆ, ಇನ್ನೊಂದನ್ನು ಯಂತ್ರದೊಳಗಿನ ಕನ್ನಡಿಗೆ ಕಳಿಸಿ, ಹಿಂತಿರುಗಿದ ಎರಡೂ ಅಲೆಗಳು ಬೆರೆತಾಗ ಮೂಡುವ ವಿನ್ಯಾಸದಿಂದ ಯಾವ ಪದರ ಎಷ್ಟು ಆಳದಲ್ಲಿದೆ ಎಂದು ಲೆಕ್ಕ ಹಾಕುವುದು ಇದರ ತತ್ತ್ವ. ಇಂದಿನ ಯಂತ್ರಗಳು ಒಂದು ಮಿಲಿಮೀಟರಿನ ಸುಮಾರು ಇನ್ನೂರರಲ್ಲಿ ಒಂದು ಪಾಲಿನಷ್ಟು ತೆಳುವಾದ ಪದರವನ್ನೂ ಬೇರ್ಪಡಿಸಿ ತೋರಿಸುತ್ತವೆ.

ಪರೀಕ್ಷೆಗೆ ಹೋದವರಿಗೆ ಇದರಲ್ಲಿ ನೋವೂ ಇಲ್ಲ, ಹೆಚ್ಚು ಹೊತ್ತಿನ ಕೆಲಸವೂ ಇಲ್ಲ. ಪಾಪೆ ಅಗಲವಾಗಲೆಂದು ಹನಿ ಹಾಕಿ ಅರ್ಧ ಗಂಟೆ ಕೂರಿಸಿದ ಮೇಲೆ, ಗದ್ದವನ್ನು ಆಸರೆಯ ಮೇಲಿಟ್ಟು ಹಣೆಯನ್ನು ಪಟ್ಟಿಗೆ ಒತ್ತಿ ಹಿಡಿದು, ಒಳಗೆ ಕಾಣುವ ಗುರುತನ್ನೇ ದಿಟ್ಟಿಸಬೇಕು. ಮಸುಕು ಕೆಂಪು ಗೆರೆಯೊಂದು ಎದುರಿಗೆ ಹಾದುಹೋಗುವಷ್ಟು ಹೊತ್ತು ರೆಪ್ಪೆ ಹೊಡೆಯಬೇಡಿ ಎಂದು ತಂತ್ರಜ್ಞರು ಹೇಳುತ್ತಾರೆ. ತೀವ್ರ ಸಮೀಪದೃಷ್ಟಿಯವರ ವಿಷಯದಲ್ಲಿ ಈ ಸರಳ ಕೆಲಸವೂ ಕಷ್ಟವಾಗುತ್ತದೆ. ಕನ್ನಡಕ ತೆಗೆದ ಮೇಲೆ ಅವರಿಗೆ ಆ ಗುರುತೇ ಸರಿಯಾಗಿ ಕಾಣದೆ ಕಣ್ಣು ಅತ್ತಿತ್ತ ಜಾರುತ್ತದೆ. ಅಲ್ಲದೆ, ಉದ್ದವಾದ ಕಣ್ಣಿನ ತಳದ ಬಾಗು ಎಷ್ಟು ಕಡಿದಾಗಿರುತ್ತದೆ ಎಂದರೆ ಅಕ್ಷಿಪಟಲ ಚಿತ್ರದ ಚೌಕಟ್ಟಿನ ಮೇಲಂಚನ್ನು ದಾಟಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಒಳಕ್ಕೆ ಮಡಚಿಕೊಂಡು ಮೂಡುತ್ತದೆ. ಆಗ ಯಂತ್ರ ಪದರಗಳ ಗಡಿಯನ್ನು ತಪ್ಪಾಗಿ ಗುರುತಿಸಿ ತಪ್ಪು ದಪ್ಪವನ್ನು ಬರೆದುಬಿಡುತ್ತದೆ. ಆದ್ದರಿಂದ ಅಂಕಿ ಓದುವ ಮೊದಲು ಚಿತ್ರವನ್ನೇ ನೋಡಬೇಕೆಂಬುದು ಈ ಕ್ಷೇತ್ರದ ಮೊದಲ ಪಾಠ.

ಸಾಮಾನ್ಯ ಓಸಿಟಿ ಯಂತ್ರಗಳು ಸುಮಾರು 840 ನ್ಯಾನೊಮೀಟರ್ ಅಲೆಯುದ್ದದ ಬೆಳಕನ್ನು ಬಳಸುತ್ತವೆ. ಅದು ಅಕ್ಷಿಪಟಲವನ್ನು ಚೆನ್ನಾಗಿ ತೋರಿಸಿದರೂ ಅದರ ಕೆಳಗಿನ ಬಣ್ಣದ ಪದರದಲ್ಲಿ ಚದುರಿ ದುರ್ಬಲವಾಗುತ್ತದೆ. 1050 ನ್ಯಾನೊಮೀಟರ್ ಆಸುಪಾಸಿನ ಬೆಳಕು ಬಳಸಿ, ಸೆಕೆಂಡಿಗೆ ಲಕ್ಷ ಗೆರೆಗಳಷ್ಟು ವೇಗದಲ್ಲಿ ಓದುವ ಸ್ವೆಪ್ಟ್ ಸೋರ್ಸ್ ಎಂಬ ಬಗೆಯ ಯಂತ್ರಗಳು ಬಂದ ಮೇಲೆ ಕೋರಾಯ್ಡ್, ಸ್ಕ್ಲೀರಾ, ಜರಡಿಪದರ, ಕೆಲವು ಕಣ್ಣುಗಳಲ್ಲಿ ನರದ ಸುತ್ತಲಿನ ದ್ರವದ ಕೋಶದವರೆಗೂ ನೋಟ ಹರಿಯಿತು. ಅಲ್ಲಿ ಕಂಡದ್ದು ನೇತ್ರವೈದ್ಯರನ್ನು ನಿಜಕ್ಕೂ ಬೆರಗುಗೊಳಿಸಿತು. ಟೋಕಿಯೊದ ಕ್ಯೋಕೊ ಓನೊ-ಮಾತ್ಸುಯಿ ಮತ್ತು ಸಂಗಡಿಗರು ತೀವ್ರ ಸಮೀಪದೃಷ್ಟಿಯ 198 ಕಣ್ಣುಗಳನ್ನು ಹೀಗೆ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 32 ಕಣ್ಣುಗಳ ನರಬಿಲ್ಲೆಯ ಅಂಚಿನಲ್ಲಿ ಅಥವಾ ಪಕ್ಕದ ಬಿಳಿ ಚಂದ್ರದಲ್ಲಿ ಸಣ್ಣ ಗುಳಿಗಳಿದ್ದವು. ಎಳೆತ ತಾಳಲಾರದೆ ಜರಡಿಪದರವೋ ಸ್ಕ್ಲೀರಾವೋ ಬಿಟ್ಟುಕೊಂಡ ಜಾಗಗಳವು. ಮೇಲಿನ ನರತಂತುಗಳು ಆ ಗುಳಿಗಳ ಬಳಿ ಕಡಿದುಹೋದಂತಿದ್ದವು. ಇವುಗಳಲ್ಲಿ ಬಹುಪಾಲು ಸಾಮಾನ್ಯ ಫೋಟೊದಲ್ಲಿ ಕಾಣುವಂಥವಲ್ಲ.

ಇನ್ನೊಂದು ಬದಲಾವಣೆಯ ಕಥೆ ಇನ್ನೂ ಬೋಧಪ್ರದ. ಕೆಲವು ಸಮೀಪದೃಷ್ಟಿಯ ಕಣ್ಣುಗಳಲ್ಲಿ ನರಬಿಲ್ಲೆಯ ಕೆಳಗೆ, ಬಿಳಿ ಚಂದ್ರಕ್ಕೆ ಅಂಟಿಕೊಂಡಂತೆ, ಹಳದಿ ಮಿಶ್ರಿತ ಕಿತ್ತಳೆ ಬಣ್ಣದ ಮಚ್ಚೆಯೊಂದು ಕಾಣುತ್ತದೆ. ಅಮೆರಿಕದ ವೈದ್ಯರು 2003ರಲ್ಲಿ ಅದನ್ನು ವರ್ಣಿಸಿದಾಗ ಅಕ್ಷಿಪಟಲದ ಬಣ್ಣದ ಪದರ ಮೇಲೆದ್ದು ಉಬ್ಬಿದೆ ಎಂದು ತಿಳಿದಿದ್ದರು. ಎರಡು ವರ್ಷಗಳ ಬಳಿಕ ಓಸಿಟಿಯ ಅಡ್ಡಸೀಳು ಬೇರೆಯದನ್ನೇ ಹೇಳಿತು: ಮೇಲಿನ ಪದರ ಹೆಚ್ಚುಕಡಿಮೆ ತನ್ನ ಮಟ್ಟದಲ್ಲೇ ಇದೆ, ಅದರ ಕೆಳಗಿನ ಕೋರಾಯ್ಡ್‌ನೊಳಗೆ ಪೊಳ್ಳೊಂದು ಬಿದ್ದಿದೆ. ಆಳಕ್ಕೆ ಹೋಗುವ ಯಂತ್ರಗಳು ಆಮೇಲೆ ತೋರಿಸಿದ್ದೇನೆಂದರೆ, ಆ ಜಾಗದಲ್ಲಿ ಸ್ಕ್ಲೀರಾ ಹಿಂದಕ್ಕೆ ಬಾಗಿ ಕುಸಿದಿದೆ ಮತ್ತು ಕೋರಾಯ್ಡ್ ಹಿಗ್ಗಿ ಆ ಖಾಲಿಯನ್ನು ತುಂಬಿಕೊಂಡಿದೆ. ಈ ಪೊಳ್ಳಿನ ಅಂಚಿನಲ್ಲಿ ಅಕ್ಷಿಪಟಲ ಒಳಕ್ಕೆ ಬಗ್ಗಿ, ಕೆಲವೊಮ್ಮೆ ಬಿರಿದು, ಅಲ್ಲಿ ಹಾಯುವ ನರತಂತುಗಳು ಹಾಳಾಗುತ್ತವೆ. ಬಿಲ್ಲೆಯ ಕೆಳಗಿನ ತಂತುಗಳು ಹೊರುವುದು ಮೇಲ್ಭಾಗದ ನೋಟವನ್ನು. ಆದ್ದರಿಂದ ಇಂಥ ಕಣ್ಣಿನಲ್ಲಿ ಮೊದಲು ಮರೆಯಾಗುವುದು ದಿಟ್ಟಿಗಿಂತ ಮೇಲಿರುವ ಕ್ಷೇತ್ರ. ತೋಟದಲ್ಲಿ ನಡೆಯುವವನಿಗೆ ತಲೆಯ ಮೇಲೆ ಬಾಗಿದ ಸೋಗೆ ಕಾಣದೆ ಹೋಗಬಹುದು, ಆದರೆ ಇನ್ನೊಂದು ಕಣ್ಣು ಆ ಕೊರತೆಯನ್ನು ಮುಚ್ಚುತ್ತಿರುವವರೆಗೆ ಅವನಿಗೆ ಅದರ ಅರಿವೇ ಆಗುವುದಿಲ್ಲ.

ಮೇಲ್ಭಾಗದ ಅಥವಾ ಕೆಳಭಾಗದ ನೋಟ ಕಮಾನಿನಾಕಾರದಲ್ಲಿ ಅಳಿಸಿಹೋಗುವುದು ಗ್ಲಾಕೋಮಾದ ಲಕ್ಷಣವೂ ಹೌದು ಎಂಬಲ್ಲಿ ನಿಜವಾದ ತೊಡಕು ಹುಟ್ಟುತ್ತದೆ. ಸಮೀಪದೃಷ್ಟಿ ಇರುವವರಿಗೆ ಗ್ಲಾಕೋಮಾ ಬರುವ ಸಂಭವ ಇಲ್ಲದವರಿಗಿಂತ ಎರಡರಿಂದ ಮೂರು ಪಟ್ಟು ಹೆಚ್ಚೆಂದು ಆಸ್ಟ್ರೇಲಿಯಾದ ಬ್ಲೂ ಮೌಂಟನ್ಸ್ ಅಧ್ಯಯನ 1999ರಲ್ಲಿ ತೋರಿಸಿತ್ತು. ಹೀಗೆ ಗ್ಲಾಕೋಮಾ ಹೆಚ್ಚಾಗಿ ಬರುವ ಕಣ್ಣೂ, ಗ್ಲಾಕೋಮಾದಂತೆ ಕಾಣುವ ಬೇರೆ ಬದಲಾವಣೆಗಳಿರುವ ಕಣ್ಣೂ ಒಂದೇ ಆಗಿರುತ್ತದೆ. ಕಣ್ಣಿನೊಳಗಿನ ಒತ್ತಡ ಅಳೆದರೆ ತೀರ್ಮಾನವಾಗಲಿಲ್ಲವೇ ಎಂದರೆ ಇಲ್ಲ, ಏಕೆಂದರೆ ಪಾದರಸದ 10ರಿಂದ 21 ಮಿಲಿಮೀಟರಿನ ಸಹಜ ಮಿತಿಯೊಳಗಿನ ಒತ್ತಡದಲ್ಲೂ ಗ್ಲಾಕೋಮಾ ಮುಂದುವರಿಯಬಲ್ಲದು.

ಇಂಥ ಸಂದಿಗ್ಧದಲ್ಲಿ ರೋಗಿಯ ಕೈಗೆ ಸಿಗುವ ಓಸಿಟಿ ವರದಿಯ ಹಾಳೆ ಅನೇಕ ಮನೆಗಳಲ್ಲಿ ಬೇಡದ ಭಯ ಹುಟ್ಟಿಸಿದೆ. ನರತಂತುಗಳ ಪದರ ಎಷ್ಟು ದಪ್ಪವಿದೆ ಎಂದು ಅಳೆದು, ಅದೇ ವಯಸ್ಸಿನ ಆರೋಗ್ಯವಂತರ ಅಳತೆಗಳೊಂದಿಗೆ ಹೋಲಿಸಿ, ಯಂತ್ರ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಫಲಿತಾಂಶ ಮುದ್ರಿಸುತ್ತದೆ; ಆರೋಗ್ಯವಂತರಲ್ಲಿ ನೂರಕ್ಕೆ ಒಬ್ಬರಿಗಿಂತ ಕಡಿಮೆ ಜನರಲ್ಲಿ ಕಾಣುವಷ್ಟು ತೆಳುವಾಗಿದ್ದರೆ ಕೆಂಪು. ಆದರೆ ಹೋಲಿಕೆಗೆ ಇಟ್ಟುಕೊಂಡ ಆ ಆರೋಗ್ಯವಂತರ ಗುಂಪಿನಲ್ಲಿ ಹೆಚ್ಚು ಪವರ್‌ನವರು ತೀರ ಕಡಿಮೆ, ಹಲವು ಯಂತ್ರಗಳಲ್ಲಿ ಅವರನ್ನು ಸೇರಿಸಿಕೊಂಡೇ ಇಲ್ಲ. ಅಳೆಯುವ ಕ್ರಮದಲ್ಲೂ ಒಂದು ತೊಂದರೆಯಿದೆ. ಬಿಲ್ಲೆಯ ಸುತ್ತ ಸುಮಾರು 3.4 ಮಿಲಿಮೀಟರ್ ವ್ಯಾಸದ ವರ್ತುಲದ ಮೇಲೆ ಯಂತ್ರ ಅಳೆಯುತ್ತದೆ, ಆದರೆ ಆ ಲೆಕ್ಕ ಸಾಧಾರಣ ಉದ್ದದ ಕಣ್ಣಿಗೆ ಹೊಂದಿಸಿದ್ದು. 28 ಮಿಲಿಮೀಟರ್ ಉದ್ದದ ಕಣ್ಣಿನಲ್ಲಿ ತಿದ್ದುಪಡಿ ಮಾಡದಿದ್ದರೆ ಅದೇ ವರ್ತುಲ 4 ಮಿಲಿಮೀಟರಿನ ಹತ್ತಿರಕ್ಕೆ ಹಿಗ್ಗಿ, ಬಿಲ್ಲೆಯಿಂದ ದೂರ ಬೀಳುತ್ತದೆ, ಮತ್ತು ಬಿಲ್ಲೆಯಿಂದ ದೂರ ಹೋದಷ್ಟೂ ನರತಂತುಗಳ ಪದರ ಸಹಜವಾಗಿಯೇ ತೆಳು. ಜೊತೆಗೆ, ಉದ್ದವಾದ ಕಣ್ಣಿನಲ್ಲಿ ಮೇಲಿನ ಮತ್ತು ಕೆಳಗಿನ ದಪ್ಪ ಕಂತೆಗಳು ಮ್ಯಾಕ್ಯುಲಾದ ಕಡೆಗೆ ಸರಿದಿರುವುದರಿಂದ ಅವು ಇರಬೇಕಾದ ಜಾಗ ಬರಿದಾಗಿ ಕಂಡು ಅಲ್ಲಿ ಕೆಂಪು ಬೀಳುತ್ತದೆ. ಕಾಯಿಲೆಯಿಲ್ಲದೆ ಬೀಳುವ ಈ ಕೆಂಪನ್ನು ನಂಬಿ ಜೀವಮಾನವಿಡೀ ಗ್ಲಾಕೋಮಾ ಹನಿ ಹಾಕಿಕೊಂಡವರೂ ಇರುತ್ತಾರೆ; ಸಮೀಪದೃಷ್ಟಿಯವರಿಗೆ ಇದೆಲ್ಲ ಮಾಮೂಲು ಎಂದು ತಳ್ಳಿಹಾಕಿ ನಿಜವಾದ ಗ್ಲಾಕೋಮಾದಲ್ಲಿ ನೋಟ ಕಳೆದುಕೊಂಡವರೂ ಇರುತ್ತಾರೆ. ಎರಡನೆಯದು ಹೆಚ್ಚು ದಾರುಣ, ಏಕೆಂದರೆ ಹೋದ ನರತಂತು ಮತ್ತೆ ಬರುವುದಿಲ್ಲ.

ತೀರ್ಮಾನಕ್ಕೆ ಬರಲು ತಜ್ಞರು ಒಂದೇ ಚಿತ್ರವನ್ನು ನೆಚ್ಚುವುದಿಲ್ಲ. ಬಿಲ್ಲೆಯ ಅಂಚು ಗುರುತಿಸಲಾಗದಷ್ಟು ವಿಕಾರವಾಗಿದ್ದಾಗ ಮ್ಯಾಕ್ಯುಲಾದ ಸುತ್ತಲಿನ ನರಕೋಶಗಳ ಪದರವನ್ನು ಅಳೆದು, ಮೇಲರ್ಧಕ್ಕೂ ಕೆಳಗಿನರ್ಧಕ್ಕೂ ವ್ಯತ್ಯಾಸವಿದೆಯೇ ಎಂದು ನೋಡುತ್ತಾರೆ. ಬಣ್ಣದ ಮದ್ದು ಚುಚ್ಚದೆಯೇ ಸೂಕ್ಷ್ಮ ರಕ್ತನಾಳಗಳ ಬಲೆಯನ್ನು ತೋರಿಸುವ ಓಸಿಟಿ ಆಂಜಿಯೋಗ್ರಫಿಯನ್ನು ಸೇರಿಸುತ್ತಾರೆ. ಬೆಳಕಿನ ಚುಕ್ಕೆ ಕಂಡಾಗಲೆಲ್ಲ ಗುಂಡಿ ಒತ್ತಿಸುವ ಫೀಲ್ಡ್ ಟೆಸ್ಟ್‌ನ ಫಲಿತಾಂಶ ಚಿತ್ರದಲ್ಲಿ ಕಂಡ ಹಾನಿಯ ಜಾಗಕ್ಕೆ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸುತ್ತಾರೆ. ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸಿಗುವುದು ಕಾಲಾಂತರದಲ್ಲಿ. ಇನ್ನೊಬ್ಬರ ಕಣ್ಣಿನೊಂದಿಗೆ ಹೋಲಿಸಲಾಗದ ಕಣ್ಣನ್ನು ಅದರದೇ ಹಿಂದಿನ ಸ್ಥಿತಿಯೊಂದಿಗೆ ಹೋಲಿಸಬಹುದು: ಐದು ವರ್ಷಗಳಲ್ಲಿ ಅದೇ ಜಾಗ, ಅದೇ ಯಂತ್ರದಲ್ಲಿ, ವಯಸ್ಸಿಗೆ ಸಹಜವಾದುದಕ್ಕಿಂತ ಬೇಗ ತೆಳುವಾಗುತ್ತ ಬಂದಿದ್ದರೆ ಅನುಮಾನ ಬಲವಾಗುತ್ತದೆ, ಹಾಗೆಯೇ ಉಳಿದಿದ್ದರೆ ಕೆಂಪು ಬಣ್ಣಕ್ಕೆ ಹೆದರಬೇಕಿಲ್ಲ. ಈ ಕಾರಣಕ್ಕೆ ತೀವ್ರ ಸಮೀಪದೃಷ್ಟಿಯವರ ಮೊದಲ ಸ್ಕ್ಯಾನ್, ಅದರಲ್ಲಿ ಏನೂ ಕಾಣದಿದ್ದರೂ, ಮುಂದಿನ ಎಲ್ಲ ಸ್ಕ್ಯಾನ್‌ಗಳಿಗೂ ಬೇಕಾಗುವ ದಾಖಲೆ.

ಹೊಳೆಹೊನ್ನೂರಿನವರಿಗೆ ಈ ದಾಖಲೆ ಕೂಡಿಸಿಕೊಳ್ಳಲು ಬಹುದೂರ ಹೋಗಬೇಕಿಲ್ಲ. ಶಿವಮೊಗ್ಗದಲ್ಲಿ ವೈದ್ಯಕೀಯ ಕಾಲೇಜಿಗೆ ಸೇರಿದ ಮೆಗ್ಗಾನ್ ಆಸ್ಪತ್ರೆಯಿದೆ, ತೀರ್ಥಹಳ್ಳಿ ರಸ್ತೆಯ ಹರಕೆರೆಯಲ್ಲಿ ಶಂಕರ ಕಣ್ಣಿನ ಆಸ್ಪತ್ರೆಯಿದೆ. ಇನ್ನೂ ಸೂಕ್ಷ್ಮ ಪರೀಕ್ಷೆ ಬೇಕಾದವರಿಗೆ ಬೆಂಗಳೂರಿನ ಮಿಂಟೋ ಆಸ್ಪತ್ರೆ, ನಾರಾಯಣ ನೇತ್ರಾಲಯದಂಥ ಸಂಸ್ಥೆಗಳಿವೆ. ತಜ್ಞರು ಹೋಗಲಾಗದ ಕಡೆಯಿಂದ ಚಿತ್ರವನ್ನು ತರಿಸಿಕೊಳ್ಳುವ ದಾರಿಯನ್ನು ಕರ್ನಾಟಕ ಚೆನ್ನಾಗಿ ಬಲ್ಲದು: ದಿನ ತುಂಬದೆ ಹುಟ್ಟಿದ ಶಿಶುಗಳ ಕಣ್ಣಿನ ತಳದ ಚಿತ್ರಗಳನ್ನು ಜಿಲ್ಲಾ ಕೇಂದ್ರಗಳಲ್ಲಿ ತರಬೇತಾದ ತಂತ್ರಜ್ಞರಿಂದಲೇ ತೆಗೆಸಿ ದೂರದ ತಜ್ಞರಿಗೆ ಕಳಿಸುವ ಕಿಡ್‌ರಾಪ್ ಯೋಜನೆಯನ್ನು ನಾರಾಯಣ ನೇತ್ರಾಲಯ 2008ರಲ್ಲಿ ಆರಂಭಿಸಿತು. ಹಾಗೆ ಅವಧಿಗೆ ಮುನ್ನ ಹುಟ್ಟಿ ಅಕ್ಷಿಪಟಲದ ತೊಂದರೆಗೆ ಒಳಗಾದ ಮಕ್ಕಳಲ್ಲಿ ಮುಂದೆ ಹೆಚ್ಚಿನ ಮೈನಸ್ ಪವರ್ ಬರುವುದು ಸಾಮಾನ್ಯವಾದ್ದರಿಂದ ಆ ಮಕ್ಕಳ ನರದ ಬುಡವನ್ನೂ ದೊಡ್ಡವರಾದ ಮೇಲೆ ನೋಡುತ್ತಿರಬೇಕಾಗುತ್ತದೆ. ಬೆಂಗಳೂರಿನಲ್ಲೇ ತಯಾರಾಗುವ ತ್ರಿನೇತ್ರದಂಥ ಕಡಿಮೆ ಬೆಲೆಯ ಕ್ಯಾಮೆರಾಗಳು ಬಿಳಿ ಚಂದ್ರವನ್ನೂ ಕಿತ್ತಳೆ ಮಚ್ಚೆಯನ್ನೂ ತಾಲ್ಲೂಕು ಮಟ್ಟದಲ್ಲೇ ಹಿಡಿಯಬಲ್ಲವು. ಆಳದ ಪೊಳ್ಳು, ಗುಳಿಗಳಿಗೆ ಮಾತ್ರ ಓಸಿಟಿಯೇ ಬೇಕು.

ಮದುವೆಗೆ ಮೊದಲು, ಪೊಲೀಸ್ ಅಥವಾ ಸೇನೆಯ ನೇಮಕಾತಿಗೆ ಮೊದಲು ಲೇಸರ್ ಮಾಡಿಸಿಕೊಂಡು ಕನ್ನಡಕ ಬಿಟ್ಟವರ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಲೇಸರ್ ಕಣ್ಣಿನ ಮುಂದಿನ ಕಪ್ಪುಗುಡ್ಡೆಯ ಪಾರದರ್ಶಕ ಪದರವನ್ನು ತೆಳುಮಾಡಿ ಅದರ ಬಾಗನ್ನು ಬದಲಿಸುತ್ತದೆ, ಹಿಂಗೋಡೆಯನ್ನು ಮುಟ್ಟುವುದಿಲ್ಲ. ಪವರ್ ಸೊನ್ನೆಗೆ ಬಂದಿದ್ದರೂ ಕಣ್ಣು 28 ಮಿಲಿಮೀಟರ್ ಇದ್ದದ್ದು 28ಕ್ಕೇ ಇರುತ್ತದೆ, ನರದ ಬುಡದ ಎಳೆತವೂ ಹಾಗೆಯೇ ಇರುತ್ತದೆ. ಮೇಲಾಗಿ, ಮುಂದಿನ ಪದರ ತೆಳುವಾದ್ದರಿಂದ ಒತ್ತಡ ಅಳೆಯುವ ಯಂತ್ರ ನಿಜವಾದುದಕ್ಕಿಂತ ಕಡಿಮೆ ಅಂಕಿ ತೋರಿಸುತ್ತದೆ. ಇಪ್ಪತ್ತು ವರ್ಷಗಳ ನಂತರ ಹೊಸ ವೈದ್ಯರ ಮುಂದೆ ಕನ್ನಡಕವಿಲ್ಲದೆ ಕೂತವರ ಕಣ್ಣಿನಲ್ಲಿ ವಾಲಿದ ಬಿಲ್ಲೆಯನ್ನು ಕಂಡರೆ ಅದು ಸಮೀಪದೃಷ್ಟಿಯ ಕಣ್ಣೆಂದು ಹೇಳುವುದು ಹಳೆಯ ಕನ್ನಡಕದ ಚೀಟಿ. ಆ ಚೀಟಿ ಕಳೆದುಹೋಗಿದ್ದರೆ ಕಣ್ಣಿನ ಉದ್ದವನ್ನೇ ಅಳೆಸಬಹುದು: ಕಣ್ಣಿನ ಪೊರೆಯ (ಕ್ಯಾಟರ್ಯಾಕ್ಟ್) ಆಪರೇಷನ್‌ನಲ್ಲಿ ಎಷ್ಟು ಪವರಿನ ಲೆನ್ಸ್ ಕೂರಿಸಬೇಕೆಂದು ಲೆಕ್ಕ ಹಾಕಲು ಇದೇ ಅಳತೆ ಬೇಕಾಗುವುದರಿಂದ, ಪೊರೆ ತೆಗೆಯುವ ಆಸ್ಪತ್ರೆಗಳಲ್ಲೆಲ್ಲ ಅದಕ್ಕೆ ಬೇಕಾದ ಯಂತ್ರವಿದ್ದು, ಕೆಲವೇ ನಿಮಿಷಗಳಲ್ಲಿ ಮಿಲಿಮೀಟರಿನ ಲೆಕ್ಕದಲ್ಲಿ ಉತ್ತರ ಸಿಗುತ್ತದೆ.